ತೋಳಕ್ಕೆ ಕೊಟ್ಟ ತೋಳು

ಬರೆದುಕೋ ಮಗಳೇ.
ಹೆಸರು ಕಾಲಿಪಾ. ವಯಸ್ಸು ಅರವತ್ತೊಂದೋ ಎರಡೋ.
ಮನೆ, ನರೀನ್ ದಾಟಿ ರಸ್ತೆ ಮುಗಿದ ಮೇಲೆ
ಕುದುರೆಯ ಬೆನ್ನ ಮೇಲೆ ಅರ್ಧ ದಿನ.
ಕಚ್ಚಿದ್ದು ತೋಳ.
ಎಲ್ಲಿ? ಎಡಗೈ, ಮೊಣಕೈಯ ಕೆಳಗೆ.
ಹೇಗೆ ಎಂದು ಕೇಳುವ ಸಾಲು
ನಿನ್ನ ಕಾಗದದಲ್ಲಿಲ್ಲ. ಆದರೂ ಹೇಳುತ್ತೇನೆ.

ಬೆಳಕು ಹರಿದಿತ್ತು.
ಹಸಿದ ತೋಳ ಕಳ್ಳನ ಹಾಗೆ ಬರುತ್ತದೆ,
ಗಾಳಿ ನೋಡಿ, ನೆರಳು ನೋಡಿ.
ಇದು ಕೊಟ್ಟ ಸಾಲ ಕೇಳಲು ಬಂದವನ ಹಾಗೆ
ನಡುದಾರಿಯಲ್ಲೇ ಬಂತು.
ಹಳ್ಳದ ಹತ್ತಿರ ಮೂತಿ ಬಗ್ಗಿಸಿತು,
ನೀರೇ ಹೊಡೆದಂತೆ ಬೆಚ್ಚಿ ಹಿಂದೆ ಸರಿಯಿತು.
ಮತ್ತೆ ಬಗ್ಗಿತು. ಮತ್ತೆ ಬೆಚ್ಚಿತು.
ಆಗಲೇ ತಿಳಿಯಬೇಕಿತ್ತು ನನಗೆ.
ನಾಯಿಗೆ ತಿಳಿದಿತ್ತು:
ಎರಡು ಕರಡಿಗೆ ಬೊಗಳಿದ ನಾಯಿ
ಬಾಲ ಮಡಚಿ ಗಾಡಿಯ ಕೆಳಗೆ ಸೇರಿತ್ತು.

ಕೈಯಲ್ಲಿ ಹಾಲಿನ ಬಕೆಟ್ಟು. ಎಸೆದೆ.
ಅದನ್ನೇ ಕಚ್ಚಿತು, ತಗಡಿಗೆ ಹಲ್ಲು ತಾಗಿದ ಸದ್ದು
ಇನ್ನೂ ನನ್ನ ದವಡೆಯಲ್ಲಿದೆ.
ಆಮೇಲೆ ಹಾರಿತು.

ಕುತ್ತಿಗೆಗೆ ಬಂದದ್ದಕ್ಕೆ ತೋಳು ಕೊಟ್ಟೆ.
ಗಂಡನ ಹಳೇ ಹತ್ತಿಯಂಗಿ ತೊಟ್ಟಿದ್ದೆ,
ಸತ್ತ ಮೇಲೂ ಒಂದು ಕೆಲಸಕ್ಕೆ ಬಂದ, ಪುಣ್ಯಾತ್ಮ.
ಎಳೆದುಕೊಂಡರೆ ಮಾಂಸ ಅದರದು,
ಅದಕ್ಕೇ ಎಳೆಯಲಿಲ್ಲ, ತಳ್ಳಿದೆ,
ಗಂಟಲ ತನಕ ತಳ್ಳಿದೆ,
ಕೆಂಡದಂಥ ನಾಲಿಗೆ ಬೆರಳಿಗೆ ಸಿಕ್ಕಿತು, ಹಿಡಿದೆ.
ನಲವತ್ತು ವರ್ಷ ಉಣ್ಣೆ ಕತ್ತರಿಸಲು
ಟಗರು ಕೆಡವಿದ ಮೊಣಕಾಲು ಇದು,
ಎಲ್ಲಿ ಊರಬೇಕೆಂದು ಅದಕ್ಕೆ ಹೇಳಬೇಕಾಗಲಿಲ್ಲ.
ಪಕ್ಕೆ ಕರಕ್ ಎಂದಿತು. ನನ್ನದೋ ಅದರದೋ.
ಬಲಗೈ ಹುಲ್ಲಿನಲ್ಲಿ ಕುರುಡಾಗಿ ತಡಕಾಡಿ
ಮರಿ ಕಟ್ಟುವ ಕಬ್ಬಿಣದ ಗೂಟ ಕಿತ್ತುಕೊಂಡಿತು.
ಎಷ್ಟು ಏಟು ಎಂದು ಕೇಳಬೇಡ.

ಕಣ್ಣು ಮಾತ್ರ ಹೇಳುತ್ತೇನೆ.
ಮೊಳದ ದೂರದಲ್ಲಿ ನನ್ನ ಮುಖವಿತ್ತು,
ಅದು ನನ್ನನ್ನು ನೋಡಲಿಲ್ಲ.
ಕದ್ದ ಕುದುರೆಯನ್ನು ಕಳ್ಳ
ನೊರೆ ಬರುವ ಹಾಗೆ ಓಡಿಸುತ್ತಾನಲ್ಲ,
ಹಾಗೆ ಒಳಗೆ ಯಾರೋ ಕೂತು
ಅದನ್ನು ಓಡಿಸುತ್ತಿದ್ದರು.
ಕುದುರೆ ಸತ್ತಿತು. ಸವಾರ ಎಲ್ಲಿಗೆ ಹೋದ,
ಅದಕ್ಕೇ ಬಂದಿದ್ದೇನೆ ನಿನ್ನ ಹತ್ತಿರ.

ಮೊಮ್ಮಗನನ್ನು ಉಳಿಸಲು ಹೋರಾಡಿದಳಂತೆ,
ಎನ್ನುತ್ತಿದ್ದರು ಹೊರಗೆ ಬೆಂಚಿನ ಮೇಲಿನ ಹೆಂಗಸರು.
ಸುಳ್ಳು. ಮೊಮ್ಮಗ ಕೆಳಗಿನ ಊರಲ್ಲಿ ಶಾಲೆಯಲ್ಲಿದ್ದ.
ಹಿಂದೆ ಯಾರೂ ಇರಲಿಲ್ಲ,
ಖಾಲಿ ಗುಡಾರ, ಒಲೆಯ ಮೇಲೆ ಕೆಟಲು.
ನನ್ನನ್ನು ನಾನು ಉಳಿಸಿಕೊಂಡೆ.
ಅಷ್ಟಕ್ಕೆ ಇನ್ನೊಬ್ಬರ ನೆಪ ಬೇಕೇ?

ಆಮೇಲೆ ಅದೇ ಹಳ್ಳದಲ್ಲಿ,
ಅದು ಕುಡಿಯಲಾರದ ನೀರಿನಲ್ಲಿ,
ಬಟ್ಟೆ ಸೋಪು ಹಚ್ಚಿ ತೊಳೆದೆ,
ಸೋಪು ಸವೆದು ಬೆರಳಿನಷ್ಟಾಗುವ ತನಕ.
ತೋಳದ ಮೇಲೆ ಬುಟ್ಟಿ ಕವುಚಿ, ಕಲ್ಲು ಹೇರಿ ಬಂದೆ.
ದನದ ಡಾಕ್ಟರು ತಿಲೆಕ್ ಜೀಪಿನಲ್ಲಿ ಹೊರಟಿದ್ದಾನೆ.
ತಲೆಯನ್ನು ಮಂಜುಗಡ್ಡೆಯಲ್ಲಿಟ್ಟು
ಬಿಷ್ಕೆಕ್‌ಗೆ ಕಳಿಸುತ್ತಾರಂತೆ.
ನಾನು ಒಮ್ಮೆಯೂ ನೋಡದ ನಗರ.

ಚುಚ್ಚು. ಗಾಯದ ಸುತ್ತಲೂ ಚುಚ್ಚು, ಅಳುವುದಿಲ್ಲ.
ಮತ್ತೆ ಮತ್ತೆ ಬರಬೇಕೆಂದೆಯಲ್ಲ, ಬರುತ್ತೇನೆ,
ಕುದುರೆಗೆ ಲಾಳ ಹೊಸದು.
ಈಗ ಒಂದು ಲೋಟ ನೀರು ಕೊಡು.
ಬಾಯಾರಿಲ್ಲ.
ಇನ್ನು ಮೇಲೆ ದಿನಾ ಬೆಳಿಗ್ಗೆ
ಮೊದಲ ಗುಟುಕಿಗೆ ಮುಂಚೆ ನಾನು ತಡೆಯುತ್ತೇನೆ,
ಗಂಟಲನ್ನು ಕೇಳುತ್ತೇನೆ, ಆಮೇಲೆ ಕುಡಿಯುತ್ತೇನೆ.
ಇವತ್ತು ಮೊದಲ ದಿನ.
ನೀನು ಅಲ್ಲೇ ಕೂತು
ನೋಡುತ್ತಿರು.